ಜಪಾನಿ ರೇಷ್ಮೆ ಕಸೂತಿ: ಪಿಯೋನಿ ಎಸಳು ಪ್ಲಾಸ್ಟಿಕ್ ಥರ ಕಾಣ್ತಿದೆ, ಏನು ಮಾಡ್ಲಿ?

ನೂಲೆಳೆ
ಎಲ್ಲರಿಗೂ ನಮಸ್ಕಾರ. ಜಪಾನಿನ ನಿಹೊನ್ ಶಿಶೂ ಪದ್ಧತಿಯಲ್ಲಿ ಒಂದು ಬೊಟಾನ್ ಹೂವು (ಪಿಯೋನಿ) ಹಾಕ್ತಿದೀನಿ. ಹೂವಿನ ಅಗಲ 12 ಸೆಂ.ಮೀ., ಕೆನೆ ಬಣ್ಣದ ರೇಷ್ಮೆ ಬಟ್ಟೆ, ಹುರಿ ಇಲ್ಲದ ಕಮಾ-ಇತೊ ದಾರ, ಗುಲಾಬಿಯಲ್ಲಿ ಐದು ಛಾಯೆ. ಎಸಳಿಗೆಲ್ಲ ಸಶಿ-ನುಯಿ, ಅಂದ್ರೆ ಉದ್ದ-ಗಿಡ್ಡ ಹೊಲಿಗೆ.

ಹೂವು ಸಹಜವಾಗಿ ಕಾಣಬೇಕು ಅಂತ ಆಸೆ, ಫೋಟೋ ಹಾಕಿದೀನಿ. ತೊಂದರೆ ಮೂರು. ಒಂದು ಛಾಯೆ ಮುಗಿದು ಇನ್ನೊಂದು ಶುರುವಾಗೋ ಕಡೆ ಪಟ್ಟೆ ಕಾಣುತ್ತೆ. ಎಸಳಿನ ಹೊರ ಅಂಚು ಗರಗಸದ ಹಾಗೆ ಹಲ್ಲುಹಲ್ಲಾಗಿದೆ. ಅಲ್ಲಲ್ಲಿ ಹೊಳಪು ಸತ್ತುಹೋಗಿದೆ, ಅದೂ ಒಂದೇ ಲಡಿಯ ದಾರದಲ್ಲಿ. ಇನ್ನೊಂದು ಪ್ರಶ್ನೆ: ಮುಂದಿನ ಎಸಳು ಮೊದಲೋ ಹಿಂದಿನದು ಮೊದಲೋ? ಸುತ್ತ ಚಿನ್ನದ ದಾರ ಕೂರಿಸಲೇಬೇಕಾ?

ಸೂಜಿಮೊನೆ
ಎಷ್ಟು ಸುಗ (ಕಮಾ-ಇತೊ ಬಿಡಿಸಿದಾಗ ಸಿಗೋ ಸಣ್ಣ ಎಳೆ) ಹಾಕ್ತಿದೀರಿ? ಅದು ಗೊತ್ತಾಗದೆ ಉಳಿದದ್ದೆಲ್ಲ ಬರೀ ಊಹೆ.

ನೂಲೆಳೆ
ಆರು. ಅರ್ಧ ಕಮಾ.

ಸೂಜಿಮೊನೆ
ಹಾಗಾದ್ರೆ ಅರ್ಧ ಉತ್ತರ ಅಲ್ಲೇ ಸಿಕ್ತು. ಒಂದು ಕಮಾ-ಇತೊ ಅಂದ್ರೆ 12 ಸುಗ. ಅಂಚಿಂದ ಅಂಚಿಗೆ ಒಂದೇ ಸಲಕ್ಕೆ ಹಾಯೋ ಚಪ್ಪಟೆ ಹೊಲಿಗೆಗೆ ಆರು, ಹನ್ನೆರಡು ಎಲ್ಲ ಸರಿ. ಸಹಜವಾಗಿ ಕಾಣಬೇಕಾದ ಎಸಳಿಗೆ ಅದು ತೀರಾ ದಪ್ಪ. ದಪ್ಪ ಎಳೆ ಇನ್ನೊಂದು ದಪ್ಪ ಎಳೆಯೊಳಗೆ ಸೇರಿಕೊಳ್ಳಲ್ಲ, ಪಕ್ಕದಲ್ಲಿ ಮೆಟ್ಟಿಲು ಮಾಡಿ ಕೂರುತ್ತೆ. ನಿಮ್ಮ ಅಳತೆಯ ಹೂವಿಗೆ ಹೊರ ಸಾಲು ಎರಡು ಸುಗ, ಒಳ ಸಾಲುಗಳು ಒಂದೊಂದೇ ಸುಗ. ಎಸಳಿನ ತುದಿ ಮಡಚಿಕೊಂಡ ಭಾಗಕ್ಕೆ ಮೂರು ಹಾಕಿದ್ರೂ ನಡೆಯುತ್ತೆ, ಅದು ಎದ್ದು ಕಾಣಬೇಕಾದ ಜಾಗ.

ಪಟ್ಟೆ ಬರೋದಕ್ಕೆ ಕಾರಣ ಬಣ್ಣ ಅಲ್ಲ, ಲೆಕ್ಕ. ಒಂದು ಉದ್ದ ಒಂದು ಗಿಡ್ಡ ಅಂತ ಯಂತ್ರದ ಹಾಗೆ ಹಾಕಿದ್ರೆ ಗಿಡ್ಡವೆಲ್ಲ ಒಂದೇ ಗೆರೆಯಲ್ಲಿ ಮುಗೀತವೆ, ಉದ್ದವೆಲ್ಲ ಇನ್ನೊಂದು ಗೆರೆಯಲ್ಲಿ. ಕಣ್ಣು ಆ ಎರಡು ಗೆರೆಯನ್ನೇ ಓದುತ್ತೆ. 6 ಮಿ.ಮೀ.ನಿಂದ 12 ಮಿ.ಮೀ. ನಡುವೆ ಉದ್ದವನ್ನ ಮನಬಂದಂತೆ ಬದಲಿಸಿ. ಎರಡನೇ ಸಾಲಿನ ಸೂಜಿ ಮೊದಲ ಸಾಲು ಮುಗಿದಲ್ಲಿಂದ ಮೇಲೆ ಬರಬಾರದು. ಮೊದಲ ಸಾಲಿನ ಹೊಲಿಗೆಯ ಒಳಗಿಂದಲೇ, ಮೂರನೇ ಒಂದು ಭಾಗ ಹಿಂದೆ ಹೋಗಿ, ಅದರ ಎಳೆಗಳ ನಡುವೆ ತೂರಿ ಬರಬೇಕು. ಛಾಯೆ ಬದಲಿಸೋ ಸಾಲಿನಲ್ಲಿ ಮೂರಕ್ಕೊಂದು ಹೊಲಿಗೆ ಹಳೇ ಛಾಯೆಯಲ್ಲೇ ಇರಲಿ. ಎರಡು ಸೂಜಿಗೆ ಎರಡು ಛಾಯೆ ಪೋಣಿಸಿಟ್ಟುಕೊಂಡ್ರೆ ಕೆಲಸ ಸಲೀಸು.

ಗದಗಿನ_ಗವಂತಿ
ಸೂಜಿಮೊನೆಯವರು ಹೇಳಿದ್ದು ಖರೆ, ಆದ್ರ ಅದು ಎರಡನೇ ಮಾತು ನೋಡ್ರಿ. ದಿಕ್ಕು ತಪ್ಪಿತಂದ್ರ ಸುಗ ಎಷ್ಟರ ತೆಳ್ಳಗ ಮಾಡ್ರಿ, ಹೂವು ಹೂವಾಗಂಗಿಲ್ಲ. ಸೂಜಿ ಹಿಡಿಯೋಕಿಂತ ಮೊದಲ ಒಂದು ಹಾಳ್ಯಾಗ ಎಲ್ಲಾ ಎಸಳಿಗೂ ದಿಕ್ಕಿನ ಗೆರಿ ಹಾಕ್ರಿ. ಪ್ರತಿ ಗೆರಿ ಎಸಳು ಹುಟ್ಟೋ ಬುಡಕ್ಕ ಹೋಗಿ ಸೇರಬೇಕು. ಆ ಬುಡ ಬ್ಯಾರೆ ಎಸಳಿನ ಹಿಂದ ಮುಚ್ಚಿ ಹೋಗಿದ್ರೂ ಅಲ್ಲೇ ಐತಿ ಅಂತ ತಿಳಕೊಂಡು ಗೆರಿ ಎಳೀರಿ. ಅಗಲ ಎಸಳಾದ್ರ ಅಂಚಿನ್ಯಾಗ ಇಪ್ಪತ್ತು ಹೊಲಿಗಿ ಇದ್ದದ್ದು ಬುಡಕ್ಕ ಬರೋದ್ರಾಗ ಏಳೆಂಟಕ್ಕ ಇಳೀಬೇಕು. ನಡುನಡುವ ಒಂದೊಂದು ಹೊಲಿಗಿ ಗಿಡ್ಡ ಮಾಡಿ ಕೈಬಿಡಬೇಕು, ಇಲ್ಲಾಂದ್ರ ಬುಡದಾಗ ಗಂಟು ಕಟ್ಟಿಧಂಗ ದಪ್ಪ ಆಗ್ತದ.

ಮಡಚಿದ ಅಂಚು ಮಾತ್ರ ಬ್ಯಾರೆ. ಅಲ್ಲಿ ಎಸಳಿನ ಬೆನ್ನು ಕಾಣತದ, ಅದಕ್ಕ ಗೆರಿ ಮಡಿಕಿ ಮ್ಯಾಲೆ ಬಂದು ಹೊಳ್ಳಬೇಕು. ಅದನ್ನೂ ಎಸಳಿನ ದಿಕ್ಕಿಗೇ ಹಾಕಿದ್ರ ಮಡಿಕಿ ಕಾಣಂಗಿಲ್ಲ, ಕಲೆ ಬಿದ್ಧಂಗ ಕಾಣತದ.

ಇನ್ನೊಂದು. ಹುರಿ ಇಲ್ಲದ ರೇಷ್ಮಿ ಬೆಳಕು ಒಂದ ದಿಕ್ಕಿಗೆ ಒಗೀತದ. ಅದ ಗುಲಾಬಿ ದಾರ, ಎರಡು ಎಸಳು, ಎರಡು ದಿಕ್ಕು ಅಂದ್ರ ಕಣ್ಣಿಗೆ ಎರಡು ಬಣ್ಣ. ಐದು ಛಾಯಾ ಯಾಕ ಬೇಕ್ರಿ? ಮೂರು ಸಾಕು.

ಛಾಯಾಪ್ರಿಯ
ಮೂರು ಸಾಕು ಅನ್ನೋದನ್ನ ಒಪ್ಪಲ್ಲ. ಮೇಜಿ ಕಾಲದ (1868–1912) ಕ್ಯೋಟೋದ ಕಸೂತಿ ಚಿತ್ರಗಳನ್ನ ನೋಡಿ. ತಕೆಉಚಿ ಸೇಯ್ಹೋ, ಕಿಶಿ ಚಿಕುಡೊ ಥರದ ಚಿತ್ರಕಾರರು ತಕಾಶಿಮಾಯಾ ಅನ್ನೋ ಅಂಗಡಿಗೆ ಮೂಲಚಿತ್ರ ಬರೆದುಕೊಡ್ತಿದ್ರು, ಕಸೂತಿಯವರು ಅದನ್ನ ರೇಷ್ಮೆಯಲ್ಲಿ ಇಳಿಸ್ತಿದ್ರು. ಪಾಶ್ಚಾತ್ಯ ದೇಶಗಳಿಗೆ ರಫ್ತಾದ ಮಾಲು ಅದು. ಅದರ ಹೂವಲ್ಲಿ, ಹಕ್ಕಿಯ ಗರಿಯಲ್ಲಿ ಛಾಯೆ ಎಣಿಸೋಕೇ ಆಗಲ್ಲ. ಸಹಜ ಬೇಕು ಅಂತ ಕೇಳಿದವರಿಗೆ ಮೂರು ಛಾಯೆ ಅಂದ್ರೆ ಹೇಗೆ?

ಗದಗಿನ_ಗವಂತಿ
ಅವು ಗ್ವಾಡಿಗೆ ಹಾಕೋ ಚಿತ್ರ ಸರ, ಒಂದು ಕಡೆಯಿಂದ ನಿಂತು ನೋಡೂವು. ಕಿಮೊನೋ, ಓಬಿ (ಕಿಮೊನೋದ ನಡುಪಟ್ಟಿ) ಮ್ಯಾಲಿನ ಹೂವು ಮೈಮ್ಯಾಲೆ ಅಲುಗಾಡತಾವು, ಬೆಳಕ ಛಾಯಾ ಬದಲಿ ಮಾಡ್ತದ.

ಸೂಜಿಮೊನೆ
ಇಬ್ಬರೂ ಬೇರೆಬೇರೆ ಮಾಲಿನ ಬಗ್ಗೆ ಮಾತಾಡ್ತಿದೀರಿ. ಚೌಕಟ್ಟಿಗೆ ಹೋಗೋ ಹೂವಾದ್ರೆ ಐದು ಇರಲಿ. ಆದ್ರೆ ಐದೂ ಎಲ್ಲ ಎಸಳಿಗೂ ಬೇಡ, ಒಂದೊಂದು ಎಸಳಿಗೆ ಮೂರು. ಮುಂದಿನ ಎಸಳಿಗೆ ತಿಳಿಯಾದ ಮೂರು, ಹಿಂದಿನದಕ್ಕೆ ಗಾಢವಾದ ಮೂರು. ನಡುವಿನ ಛಾಯೆ ಎರಡಕ್ಕೂ ಬರುತ್ತಲ್ಲ, ಹೂವು ಒಂದಾಗಿ ಕಾಣುತ್ತೆ.

ಛಾಯಾಪ್ರಿಯ
ಇದು ಸರಿ.

ಹೊಸಬಳು_88
ನನ್ನ ಹತ್ರ ಚಿಕ್ಕಪೇಟೆಯಿಂದ ತಂದ ಸಿಲ್ಕ್ ಥ್ರೆಡ್ ಇದೆ, ಆರಿ ವರ್ಕಿಗೆ ತಂದಿದ್ದು. ಅದರಲ್ಲಿ ಆಗಲ್ವಾ? ಜಪಾನಿಂದ ತರಿಸಿದ್ರೆ ಸಿಕ್ಕಾಪಟ್ಟೆ ದುಡ್ಡು.

ರೇಷ್ಮೆಗೂಡು
ಸಿಲ್ಕ್ ಥ್ರೆಡ್ ಅಂತ ಬ್ಲೌಸ್ ಕೆಲಸಕ್ಕೆ ಅಗ್ಗದಲ್ಲಿ ಸಿಗೋ ರೀಲುಗಳು ಬಹುಪಾಲು ರೇಯಾನ್, ತಂಗೀ. ಒಂದು ತುಂಡು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಕಪ್ಪು ಕರಕಲು ಉಂಡೆಯಾಗುತ್ತೆ, ಬೆರಳಲ್ಲಿ ತಿಕ್ಕಿದ್ರೆ ಪುಡಿಯಾಗುತ್ತೆ. ರೇಯಾನ್ ಕಾಗದದ ಹಾಗೆ ಸುಡುತ್ತೆ, ಬೂದಿ ಬಿಡುತ್ತೆ. ರೇಯಾನ್‌ಗೂ ಹೊಳಪಿದೆ, ಆದ್ರೆ ಹುರಿ ಹಾಕಿರ್ತಾರೆ. ಹುರಿ ಬಿಚ್ಚಿದ್ರೂ ಎಳೆಗಳು ಹರಡಿ ಮಲಗಲ್ಲ, ನಿಮಗೆ ಬೇಕಾದ್ದೇ ಅದು.

ಅಗ್ಗದ ದಾರಿ ಬೇಕಾದ್ರೆ ನಮ್ಮ ರಾಜ್ಯದ್ದೇ ರೇಷ್ಮೆ ಇದೆಯಲ್ಲ. ರಾಮನಗರ, ಶಿಡ್ಲಘಟ್ಟದ ಕಡೆ ಬಿಚ್ಚಾಣಿಕೆ (ಗೂಡಿಂದ ನೂಲು ತೆಗೆಯೋದು) ಮಾಡೋರ ಹತ್ರ ಹುರಿ ಹಾಕದ ಕಚ್ಚಾ ರೇಷ್ಮೆ ಸಿಗುತ್ತೆ. ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ಹುಳ, ಬೈವೋಲ್ಟೀನ್) ಗೂಡಿನದ್ದನ್ನೇ ಕೇಳಿ, ಎಳೆ ಉದ್ದ, ಸಮ, ಬಿಳುಪು. ಕಚ್ಚಾ ರೇಷ್ಮೆಯಲ್ಲಿ ತೂಕದ ಶೇ. 20ರಿಂದ 25ರಷ್ಟು ಅಂಟೇ ಇರುತ್ತೆ. ಅದನ್ನ ತೆಗೀದೆ ಬಣ್ಣ ಹಾಕಿದ್ರೆ ದಾರ ಸೆಟೆದುಕೊಂಡು ನಿಲ್ಲುತ್ತೆ. ಲಡಿಯನ್ನ ಮೂರು ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿ, ಸೌಮ್ಯ ಸೋಪಿನ ನೀರಲ್ಲಿ ಕುದಿಯೋದಕ್ಕೆ ಸ್ವಲ್ಪ ಕಮ್ಮಿ ಬಿಸಿಯಲ್ಲಿ ಮುಕ್ಕಾಲರಿಂದ ಒಂದು ಗಂಟೆ ಇಡಿ. ಕೊತಕೊತ ಕುದಿಸಬೇಡಿ, ಎಳೆ ಎದ್ದು ಸಿಕ್ಕಾಗುತ್ತೆ. ಬಿಸಿನೀರಲ್ಲೇ ಮೊದಲು ಜಾಲಿಸಿ, ಆಮೇಲೆ ಉಗುರು ಬೆಚ್ಚಗಿನದು. ತಣ್ಣೀರಿಗೆ ಒಮ್ಮೆಲೇ ಹಾಕಿದ್ರೆ ಕರಗಿದ ಅಂಟು ಮತ್ತೆ ಹತ್ತಿಕೊಳ್ಳುತ್ತೆ.

ಹೊಸಬಳು_88
ಅಯ್ಯೋ, ಹೂವು ಕೇಳಿದ್ರೆ ಗೂಡಿಂದ ಶುರು ಮಾಡಿಸ್ತಿದೀರ ಅಣ್ಣಾ 😄

ಕಡಲತಡಿ
ಹೊಳಪು ಸತ್ತ ವಿಷಯಕ್ಕೆ ಯಾರೂ ಬರ್ಲಿಲ್ಲ ಮಾರಾಯ್ರೆ. ಅದಕ್ಕೆ ನೂರಕ್ಕೆ ತೊಂಬತ್ತು ಪಾಲು ಕಾರಣ ದಾರಕ್ಕೆ ನಿಮಗೆ ಗೊತ್ತಿಲ್ಲದೇ ಬೀಳುವ ಹುರಿ. ಸೂಜಿ ಮೇಲೆ ಕೆಳಗೆ ಹೋಗುವಾಗ ಬೆರಳಲ್ಲಿ ಸ್ವಲ್ಪಸ್ವಲ್ಪ ತಿರುಗ್ತದೆ, ಹತ್ತು ಹೊಲಿಗೆಗೆ ದಾರ ಸುರುಳಿ. ಸುರುಳಿಯಾದ ರೇಷ್ಮೆ ಬೆಳಕನ್ನು ಚೂರುಚೂರು ಮಾಡ್ತದೆ. ಉಪಾಯ ಎರಡು. ನಾಲ್ಕೈದು ಹೊಲಿಗೆಗೊಮ್ಮೆ ಸೂಜಿಯನ್ನು ಹುರಿಯ ಎದುರು ದಿಕ್ಕಿಗೆ ಉರುಳಿಸಿ ಬಿಡಿಸಿ. ಮತ್ತೆ, ಪ್ರತಿ ಹೊಲಿಗೆಯೂ ಬಟ್ಟೆಯೊಳಗೆ ಹೋಗುವ ಮೊದಲು ತೆಕೊಬರಿಯ (ದಾರ ನೀವಿ ಸರಿಮಾಡುವ ಮೊನೆಯ ಸಲಕರಣೆ) ಬೆನ್ನಿನ ಮೇಲೆ ದಾರ ಹಾಯಿಸಿ, ಎಳೆಗಳು ಚಪ್ಪಟೆಯಾಗಿ ಹರಡಿದ ಮೇಲೆ ಎಳೆಯಿರಿ. ತೆಕೊಬರಿ ಇಲ್ಲದಿದ್ರೆ ಕಂಬಳಿ ಹೊಲಿಯುವ ದಪ್ಪ ಸೂಜಿ ಆಗ್ತದೆ, ತುದಿ ನುಣುಪಿರಬೇಕು ಅಷ್ಟೆ. ಒಂದೊಂದು ಹೊಲಿಗೆಗೂ ಇದು ಬೇಕು, ಬಿಟ್ಟುಬಿಟ್ಟು ಮಾಡಿದ್ರೆ ನಿಮ್ಮ ಹಾಗೆ ಅಲ್ಲಲ್ಲಿ ಮಂಕು.

ದಾರ 50 ಸೆಂ.ಮೀ.ಗಿಂತ ಉದ್ದ ಬೇಡ. ಒಂದೇ ದಾರ ಅಷ್ಟು ಸಲ ಬಟ್ಟೆಯಲ್ಲಿ ತೂರಿದ್ರೆ ಕೊನೆಗೆ ಹಿಂಜಿ ನಿಲ್ತದೆ. ಸೂಜಿಯೂ ನೋಡಿ. ಹಿರೊಶಿಮಾದಲ್ಲಿ ಕೈಯಲ್ಲಿ ಮಾಡುವ ಸೂಜಿಯ ಕಣ್ಣು ನುಣುಪು, ದಾರವನ್ನು ಕೆರೆಯುವುದಿಲ್ಲ. ಮಾಮೂಲಿ ಸೂಜಿಯ ಕಣ್ಣಲ್ಲಿ ಚೂರು ಮುಳ್ಳಿದ್ರೂ ಸುಗ ಹರಿದು ಬರ್ತದೆ.

ಅಡುಗೆಮನೆ_ಕಸೂತಿ
ಮತ್ತೆ ಕೈ! ಹುರಿ ಇಲ್ಲದ ರೇಷ್ಮೆಗೆ ಒರಟು ಬೆರಳು ದೊಡ್ಡ ಶತ್ರು. ಸಕ್ಕರೆ ಮತ್ತು ನಾಲ್ಕು ತೊಟ್ಟು ಎಣ್ಣೆ ಸೇರಿಸಿ ಎರಡು ನಿಮಿಷ ಉಜ್ಜಿ, ಸೋಪು ಹಾಕಿ ಎರಡು ಸಲ ತೊಳೆದು ಪೂರ್ತಿ ಒಣಗಿಸಿಕೊಂಡು ಕೂರಿ. ಉಗುರಿನ ಪಕ್ಕ ಎದ್ದ ಸಿಪ್ಪೆ ಕತ್ತರಿಸಿ. ತೆಂಗಿನೆಣ್ಣೆ ಹಚ್ಚಿದ ಕೈಯಲ್ಲಿ ಹಾಗೇ ಕೂತರೆ ತಿಳಿ ಬಣ್ಣದ ಮೇಲೆ ಕಲೆ ಬೀಳುತ್ತೆ, ಆಮೇಲೆ ಹೋಗಲ್ಲ.

ಮಗ್ಗದಮನೆ
ನೂಲೆಳೆ ಅವರೇ, ಫ್ರೇಮ್ ಯಾವುದು? ಫೋಟೋದಲ್ಲಿ ರಿಂಗ್ ಕಂಡ ಹಾಗಿದೆ.

ನೂಲೆಳೆ
ಹೌದು, 30 ಸೆಂ.ಮೀ. ರಿಂಗ್, ಸ್ಟ್ಯಾಂಡ್ ಮೇಲೆ.

ಮಗ್ಗದಮನೆ
ರಿಂಗ್ ಬಿಡಿ. ಅಂಚು ಹಲ್ಲುಹಲ್ಲಾಗೋಕೆ ಅದೂ ಒಂದು ಕಾರಣ. ರಿಂಗಲ್ಲಿ ಬಟ್ಟೆ ನಾಲ್ಕೂ ಕಡೆ ಸಮ ಎಳೆತ ಪಡೆಯಲ್ಲ, ಅಡ್ಡಮೂಲೆಗೆ ಜಗ್ಗುತ್ತೆ, ದಿನ ಹೋದಂತೆ ಸಡಿಲಾಗುತ್ತೆ. ಚಪ್ಪಟೆ ರೇಷ್ಮೆಯನ್ನ ಸಡಿಲ ಬಟ್ಟೆ ಮೇಲೆ ಹಾಕಿ ಬಿಚ್ಚಿದ್ರೆ ಸುಕ್ಕು ಗ್ಯಾರಂಟಿ. ಜಪಾನಿನವರು ಚೌಕದ ಮರದ ಫ್ರೇಮಿಗೆ ಬಟ್ಟೆಯ ಎರಡು ಅಂಚನ್ನ ಸುತ್ತಿ ಬಿಗಿದು, ಉಳಿದೆರಡು ಅಂಚನ್ನ ಹತ್ತಿ ಹಗ್ಗದಿಂದ ಎಳೆದು ಕಟ್ತಾರೆ. ನಮ್ಮ ಮಗ್ಗಂ ಸ್ಟ್ಯಾಂಡ್‌ನಲ್ಲೂ ಅದೇ ತತ್ವ, ಧಾರಾಳವಾಗಿ ಬಳಸಬಹುದು. ಎಳೆಯೋ ಮೊದಲು ಹೊಕ್ಕು (ಅಡ್ಡ) ಎಳೆಗಳು ಫ್ರೇಮಿಗೆ ನೇರ ಇವೆಯಾ ನೋಡಿ, ಹೊಕ್ಕು ಸೊಟ್ಟಾದ್ರೆ ಬಿಚ್ಚಿದ ಮೇಲೆ ಹೂವೇ ಸೊಟ್ಟ. ಬೆರಳಲ್ಲಿ ತಟ್ಟಿದ್ರೆ ಡಬ್ ಅಂತ ಸದ್ದು ಬರಬೇಕು. ಮಳೆಗಾಲದಲ್ಲಿ ದಿನಾ ಬೆಳಗ್ಗೆ ಹಗ್ಗ ಬಿಗಿ ಮಾಡಲೇಬೇಕು. ಬೇಸಿಗೆಯ ಒಣಹವೆಯಲ್ಲಿ ಇನ್ನೊಂದು ಕಾಟ, ಒಂದೆಳೆ ಸುಗ ಗಾಳಿಯಲ್ಲಿ ಎದ್ದು ಬಟ್ಟೆಗೆ, ಬಳೆಗೆಲ್ಲ ಅಂಟುತ್ತೆ. ಪಕ್ಕದಲ್ಲಿ ಒದ್ದೆ ಟವೆಲ್ ನೇತುಹಾಕಿ.

ಫ್ರೇಮ್ ಇಟ್ಟು ಕೂತಾಗ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಸೂಜಿ ನೆಟ್ಟಗೆ ಇಳಿಬೇಕು, ನೆಟ್ಟಗೆ ಏರಬೇಕು. ರಿಂಗ್ ಸ್ಟ್ಯಾಂಡ್ ಮೇಲಿದ್ರೂ ಒಂದೇ ಕೈಯಲ್ಲಿ ಮಾಡುವಾಗ ಸೂಜಿ ಓರೆಯಾಗಿ ಹೋಗುತ್ತೆ, ಅಂಚಿನ ರಂಧ್ರ ಗೆರೆ ಬಿಟ್ಟು ಅರ್ಧ ಮಿ.ಮೀ. ಆಚೆ ಈಚೆ ಬೀಳುತ್ತೆ. ನಿಮ್ಮ ಗರಗಸದ ಹಲ್ಲು ಅಲ್ಲಿಂದ ಬಂದಿದ್ದು.

ಛಾಯಾಪ್ರಿಯ
ಅಂಚಿಗೆ ಸುಲಭ ಉಪಾಯ: ಗೆರೆ ಮೇಲೆ ಒಂದು ಸುಗದಲ್ಲಿ ಸೀಳುಹೊಲಿಗೆ ಹಾಕಿ, ಅದರ ಮೇಲಿಂದ ಸಶಿ-ನುಯಿ ದಾಟಿಸಿ. ಅಂಚು ಎದ್ದು, ಚೂಪಾಗಿ ಬರುತ್ತೆ.

ಸೂಜಿಮೊನೆ
ಅದು ಯುರೋಪಿನ ಕಸೂತಿಯ ಉಪಾಯ. ಎಲ್ಲ ಅಂಚಿಗೂ ಹಾಕಿದ್ರೆ ಪ್ರತಿ ಎಸಳಿಗೂ ಉಬ್ಬು ಬದು ಬರುತ್ತೆ, ಹಿಂದಿನ ಎಸಳೂ ಮುಂದೆ ಬಂದ ಹಾಗಾಗುತ್ತೆ. ಎಲ್ಲಕ್ಕಿಂತ ಮುಂದಿರೋ ಒಂದೆರಡು ಎಸಳಿಗೆ ಬೇಕಾದ್ರೆ ಹಾಕಿ.

ನೂಲೆಳೆ
ಹಾಗಾದ್ರೆ ಕ್ರಮ? ಮುಂದಿನದು ಮೊದಲಾ?

ಕಡಲತಡಿ
ಹಿಂದಿನದು ಮೊದಲು. ಮುಂದಿನ ಎಸಳು ಅದರ ಮೇಲೆ ಕೂರಬೇಕಲ್ಲ.

ಸೂಜಿಮೊನೆ
ಯುರೋಪಿನ ಉದ್ದ-ಗಿಡ್ಡ ಹೊಲಿಗೆಯಲ್ಲಿ ಹಾಗೆ. ಜಪಾನಿ ಕಸೂತಿಯಲ್ಲಿ ಉಲ್ಟಾ, ಮುಂದಿನದು ಮೊದಲು. ಮುಂದಿನ ಎಸಳಿನ ಅಂಚು ಖಾಲಿ ಬಟ್ಟೆ ಮೇಲೆ ಬೀಳುತ್ತೆ, ಗೆರೆ ಸ್ಪಷ್ಟ ಕಾಣುತ್ತೆ, ಸೂಜಿ ಸರಿಯಾದ ಜಾಗಕ್ಕೆ ಇಳಿಯುತ್ತೆ. ಆಮೇಲೆ ಹಿಂದಿನ ಎಸಳಿನ ಹೊಲಿಗೆ ಬಂದು ಮುಂದಿನದರ ಅಂಚಿನಡಿ ಸೂಜಿ ಓರೆ ಮಾಡಿ ತೂರಿಕೊಳ್ಳುತ್ತೆ. ಮೊದಲೇ ಹಿಂದಿನದನ್ನ ಹಾಕಿದ್ರೆ ಮುಂದಿನ ಅಂಚಿನ ರಂಧ್ರಗಳು ಆ ಚಪ್ಪಟೆ ರೇಷ್ಮೆಯನ್ನೇ ಚುಚ್ಚಿ ಸೀಳ್ತವೆ. ಹುರಿ ಹಾಕಿದ ದಾರ ಅದನ್ನ ತಡೆದುಕೊಳ್ಳುತ್ತೆ, ಕಮಾ-ಇತೊ ತಡೆಯಲ್ಲ.

ಕಡಲತಡಿ
ಸೀಳುವ ವಿಷಯ ಸರಿಯೇ. ಆದ್ರೆ ತೂರಿಸಲಿಕ್ಕೆ ಹೋಗಿ ಮುಂದಿನ ಅಂಚನ್ನು ಎತ್ತಿಬಿಡುವವರೇ ಜಾಸ್ತಿ. ಚೀನಾದ ಕಸೂತಿಯಲ್ಲಿ ಎರಡು ಎಸಳಿನ ನಡುವೆ ಕೂದಲೆಳೆಯಷ್ಟು ಬಟ್ಟೆ ಖಾಲಿ ಬಿಡ್ತಾರೆ, ನೀರಿನ ದಾರಿ ಅಂತ ಹೆಸರು. ಕಲಿಯುವವರಿಗೆ ಅದೇ ಒಳ್ಳೇದು.

ಸೂಜಿಮೊನೆ
ಜಪಾನಿನಲ್ಲೂ ಅಲಂಕಾರದ ಹೂವಿಗೆ ಎಸಳುಗಳ ನಡುವೆ ಖಾಲಿ ಬಿಡೋದಿದೆ. ಸಹಜ ಹೂವಿಗೆ ಆ ಬಿಳಿ ಗೆರೆ ಎದ್ದು ಕಾಣುತ್ತೆ ಅನ್ನೋದಷ್ಟೇ ನನ್ನ ತಕರಾರು. ತೂರಿಸುವಾಗ ಮುಂದಿನ ಅಂಚನ್ನ ತೆಕೊಬರಿ ತುದಿಯಲ್ಲಿ ಒಂದಿಷ್ಟು ಸರಿಸಿ ಹಿಡೀರಿ, ಎತ್ತಬೇಡಿ.

ಗದಗಿನ_ಗವಂತಿ
ಗೆರಿ ಮೂಡಿಸೋ ಮಾತು ಬಂತಲ್ಲ, ಅದನ್ನೂ ಹೇಳೇಬಿಡ್ತೀನಿ. ಬ್ಲೌಸಿಗೆ ಮಾಡಿಧಂಗ ಚುಚ್ಚಿದ ಟ್ರೇಸಿಂಗ್ ಹಾಳಿ ಮ್ಯಾಲೆ ಜಿಂಕ್ ಪೌಡರ್ ಸೀಮಿಎಣ್ಣಿ ಕಲಿಸಿ ಒರೆಸಬ್ಯಾಡ್ರಿ. ಆ ಬಿಳಿಪುಡಿ ಚಪ್ಪಟಿ ರೇಷ್ಮಿ ಒಳಗ ಹೊಕ್ಕು ಹೊಳಪು ತಿಂತದ, ಎಣ್ಣಿ ವಾಸನಿ ಬ್ಯಾರೆ. ಜಪಾನಿನ್ಯಾಗ ಅಒಬನ ಅಂತ ಒಂದು ನೀಲಿ ಹೂವಿನ ರಸ ಐತಿ, ಶಿಗಾ ಪ್ರಾಂತದ ಕುಸಾತ್ಸು ಊರಾಗ ಬೆಳೀತಾರ, ನೀರು ಬಿದ್ರ ಹೋಗ್ತದ. ಅದು ಸಿಗಲಿಲ್ಲಂದ್ರ ಹೂವಿನ ಬಣ್ಣದ ಒಂದ ಎಳಿಯಿಂದ ಗೆರಿ ಮ್ಯಾಲೆ ಸಣ್ಣ ಓಟಹೊಲಿಗಿ ಹಾಕ್ರಿ, ಅದು ಒಳಗ ಮುಚ್ಚಿ ಹೋಗ್ತದ.

ಹೊಸಬಳು_88
ನಮ್ಮ ಧಾರವಾಡ ಕಸೂತಿ ಬರೋರಿಗೆ ಇದು ಸುಲಭ ಆಗುತ್ತಾ ಅಕ್ಕಾ?

ಗದಗಿನ_ಗವಂತಿ
ಗಂಟು ಹಾಕದ ಶುರು ಮಾಡೋ ರೂಢಿ ಒಂದು ಉಪಯೋಗಕ್ಕ ಬರ್ತದ. ಇಲ್ಲೂ ಎಸಳಿನ ಒಳಗ ಎರಡು ಮೂರು ಸಾಸಿವಿಯಷ್ಟು ಹೊಲಿಗಿ ಹಾಕಿ ಶುರು ಮಾಡ್ತಾರ, ಅವು ಮ್ಯಾಲಿನ ಹೊಲಿಗಿ ಅಡಿ ಅಡಗ್ತಾವು. ಉಳಿದದ್ದು ಪೂರಾ ಬ್ಯಾರೆ. ಧಾರವಾಡದ ಗವಂತಿ, ಮುರ್ಗಿ ಹೊಲಿಗಿ ಎಲ್ಲಾ ಬಟ್ಟಿ ಎಳಿ ಎಣಿಸಿ ಹಾಕೂವು, ಎಸಳಿಗೆ ಎಣಿಕಿ ಇಲ್ಲ. ಸುಗ-ನುಯಿ ಅಂತ ಒಂದು ಜಪಾನಿ ಹೊಲಿಗಿ ಐತಿ, ಅದು ಮಾತ್ರ ಹೊಕ್ಕಿನ ಎಳಿ ಹಿಡಕೊಂಡು ಹೋಗ್ತದ. ಕಸೂತಿ ಕಣ್ಣಿದ್ದವರಿಗೆ ಅದು ಲಗೂನ ಬರ್ತದ.

ಇತಿಹಾಸಪ್ರೇಮಿ
ಈ ಕಲೆ ಕಿಮೊನೋ ಜೊತೆ ಎಡೋ ಕಾಲದಲ್ಲಿ (1603–1868) ಹುಟ್ಟಿದ್ದಲ್ವಾ?

ರೇಷ್ಮೆಗೂಡು
ಇಲ್ಲ ಸರ್, ಎಡೋಗಿಂತ ಸಾವಿರ ವರ್ಷ ಹಿಂದಕ್ಕೆ ಹೋಗಿ. ರಾಜಕುಮಾರ ಶೋತೊಕು 622ರಲ್ಲಿ ತೀರಿಕೊಂಡ ಮೇಲೆ ಮಾಡಿಸಿದ ತೆಂಜುಕೊಕು ಕಸೂತಿ ಪರದೆಯ ತುಂಡುಗಳು ನಾರಾದ ಚುಗೂಜಿ ಮಠದ್ದು, ಇವತ್ತಿಗೂ ಉಳಿದಿವೆ. ತಮಾಷೆ ಏನಂದ್ರೆ, ಅದಕ್ಕೆ ಕಾಮಾಕುರಾ ಕಾಲದಲ್ಲಿ (1185–1333) ಮಾಡಿದ ಪ್ರತಿಯ ಬಣ್ಣ ಮಾಸಿದೆ, ಮೂಲದ ತುಂಡುಗಳು ಇನ್ನೂ ಗಾಢವಾಗಿವೆ. ಮೂಲದ್ದು ಬಿಗಿ ಹುರಿಯ ದಾರದ ಹಿಂಹೊಲಿಗೆ. ಆದ್ದರಿಂದ ಚಪ್ಪಟೆ ರೇಷ್ಮೆಯೇ ಶ್ರೇಷ್ಠ ಅಂತ ಹಟ ಬೇಡ. ಕ್ಯೋಟೋದ ಕ್ಯೋ-ನುಯಿಗೆ 1976ರಲ್ಲಿ, ಕನಜಾವಾದ ಕಗಾ-ನುಯಿಗೆ 1991ರಲ್ಲಿ ಸರಕಾರದ ಸಾಂಪ್ರದಾಯಿಕ ಕುಶಲಕಲೆ ಮಾನ್ಯತೆ ಬಂತು.

ಛಾಯಾಪ್ರಿಯ
ಹುರಿ ಅಂದ್ಮೇಲೆ ಕೇಸರದ ವಿಷಯ. ಬೊಟಾನ್ ನಡುವಿನ ಹಳದಿ ಗುಚ್ಛವನ್ನ ಚಪ್ಪಟೆ ದಾರದಲ್ಲಿ ಹಾಕಬೇಡಿ, ಎಸಳಿನ ಜೊತೆ ಕಲಸಿಹೋಗುತ್ತೆ. ಮನೆಯಲ್ಲೇ ಹುರಿ ಹಾಕಿಕೊಳ್ಳಿ. ನಾಲ್ಕು ಸುಗ ತಗೊಂಡು ಎರಡೆರಡು ಮಾಡಿ, ತುದಿಯನ್ನ ಒಂದು ಮೊಳೆಗೆ ಕಟ್ಟಿ. ಒಂದೊಂದು ಜೋಡಿಯನ್ನೂ ಅಂಗೈಗಳ ನಡುವೆ ಒಂದೇ ದಿಕ್ಕಿಗೆ ಬಿಗಿಯಾಗಿ ಹೊಸೆಯಿರಿ. ಮೊದಲನೇದರ ತುದಿ ಬಿಟ್ಟರೆ ಬಿಚ್ಚಿಹೋಗುತ್ತೆ, ಹಲ್ಲಲ್ಲಿ ಕಚ್ಚಿಕೊಳ್ಳಿ ಅಥವಾ ಕ್ಲಿಪ್ ಹಾಕಿ. ಆಮೇಲೆ ಎರಡನ್ನೂ ಸೇರಿಸಿ ಎದುರು ದಿಕ್ಕಿಗೆ ಹೊಸೆಯಿರಿ. ಎರಡೂ ಜೋಡಿಗೆ ಸಮ ಹುರಿ ಬಿದ್ದಿಲ್ಲ ಅಂದ್ರೆ ಒಂದು ನೆಟ್ಟಗೆ ನಿಂತು ಇನ್ನೊಂದು ಅದನ್ನ ಸುತ್ತಿಕೊಳ್ಳುತ್ತೆ. ಅದು ಕೆಟ್ಟ ದಾರ, ಎಸೀರಿ. ಸರಿಯಾದ್ದನ್ನ ಬಿಗಿಯಾಗಿ ಹಿಡಿದು ಆವಿಗೆ ತೋರಿಸಿದ್ರೆ ಹುರಿ ನಿಲ್ಲುತ್ತೆ.

ಕೇಸರದ ದಂಟು ಈ ದಾರದಲ್ಲಿ ಒಂದೊಂದೇ ಉದ್ದ ಹೊಲಿಗೆ, ತುದಿಗೆ ಸಗರ-ನುಯಿ ಗಂಟು. ಗಂಟು ಒತ್ತಾಗಿ ಬೇಡ, ಎರಡು ಮೂರು ಅಳತೆಯಲ್ಲಿ ಚೆಲ್ಲಾಪಿಲ್ಲಿ. ಎಸಳು ಮುಗಿದ ಮೇಲೆಯೇ ಇದು, ಮೊದಲೇ ಹಾಕಿದ್ರೆ ಎಸಳಿನ ದಾರ ಗಂಟಿಗೆ ಸಿಕ್ಕಿಕೊಳ್ಳುತ್ತಿರುತ್ತೆ.

ಮಗ್ಗದಮನೆ
ಚಿನ್ನದ ದಾರದ ಪ್ರಶ್ನೆಗೆ: ಬೇಡ. ಕಿಮೊನೋದ ಅಲಂಕಾರದ ಹೂವಿಗೆ ಕೊಮ ಉರುಳೆಯಿಂದ ಎರಡು ಚಿನ್ನದೆಳೆ ಬಿಟ್ಟು, ಸಣ್ಣ ರೇಷ್ಮೆಯಿಂದ 2–3 ಮಿ.ಮೀ.ಗೊಂದು ಕಟ್ಟು ಹಾಕ್ತಾರೆ. ಅಲ್ಲಿ ಅದು ಚೆಂದ. ನೆರಳು ಬೆಳಕು ತೋರಿಸಿದ ಎಸಳಿನ ಸುತ್ತ ಚಿನ್ನ ಕೂತರೆ ಅಷ್ಟೂ ಕೆಲಸ ಹಾಳು, ಚಿತ್ರ ಚಪ್ಪಟೆ. ಅಂಚಿನ ಹಲ್ಲು ಮುಚ್ಚೋಕೆ ಚಿನ್ನ ಹಾಕೋ ಚಾಳಿಯಂತೂ ಬೇಡವೇ ಬೇಡ.

ಛಾಯಾಪ್ರಿಯ
ಕೊನೇ ಮಾತು ಯಾರಿಗೆ ಹೇಳಿದ್ದು ಅಂತ ಗೊತ್ತಾಯ್ತು 🙂

ನೂಲೆಳೆ
ಎಲ್ಲರಿಗೂ ಧನ್ಯವಾದ. ಆರು ಸುಗದ ಎಸಳು ಬಿಚ್ಚಿ ಮತ್ತೆ ಶುರು ಮಾಡ್ತೀನಿ, ಮಗ್ಗಂ ಸ್ಟ್ಯಾಂಡಲ್ಲಿ. ಬಿಚ್ಚಿದಾಗ ಬಟ್ಟೆಯಲ್ಲಿ ರಂಧ್ರ ಉಳಿದಿವೆ, ಏನು ಮಾಡೋದು? ಮುಗಿದ ಮೇಲೆ ಇಸ್ತ್ರಿ ಹಾಕಬಹುದಾ?

ಮಗ್ಗದಮನೆ
ಬಿಚ್ಚುವಾಗ ಮೇಲಿಂದ ಎಳೀಬೇಡಿ, ಹಿಂಬದಿಯಲ್ಲಿ ಕತ್ತರಿಸಿ ಚಿಮಟದಲ್ಲಿ ತುಂಡುತುಂಡಾಗಿ ತೆಗೀರಿ. ರಂಧ್ರಕ್ಕೆ ಸೂಜಿಯ ಬೆನ್ನಿಂದ ಹಾಸು ಹೊಕ್ಕು ಎರಡೂ ದಿಕ್ಕಿಗೆ ಮೆಲ್ಲಗೆ ಕೆರೆದು, ದೂರದಿಂದ ಆವಿ ಕೊಡಿ. ಬಟ್ಟೆ ಫ್ರೇಮಲ್ಲೇ ಇರಲಿ.

ಇಸ್ತ್ರಿ ಬೇಡ, ಚಪ್ಪಟೆ ರೇಷ್ಮೆ ಮೇಲೆ ಇಸ್ತ್ರಿ ಒತ್ತಿದ್ರೆ ಹೊಳಪಿನ ದಿಕ್ಕೇ ಕಲಸಿಹೋಗುತ್ತೆ. ಬಿಗಿದ ಫ್ರೇಮಲ್ಲೇ ಇರುವಾಗ ಮೇಲಿನ ಧೂಳನ್ನ ಮೃದು ಕುಂಚದಿಂದ ತೆಗೀರಿ, ಹಿಂಬದಿಗೆ ಗೋಧಿ ಗಂಜಿಯನ್ನ ತೀರಾ ತೆಳ್ಳಗೆ, ದಾರದ ಮೇಲೆ ಮಾತ್ರ ಬೆರಳಲ್ಲಿ ಸವರಿ. ಬಟ್ಟೆಗೆ ತಾಗಿದ್ರೆ ಮುಂಭಾಗದಲ್ಲಿ ಕಲೆ ಕಾಣುತ್ತೆ. ಆಮೇಲೆ ಹಿಂಬದಿಯಿಂದ ಆವಿ ಕೊಟ್ಟು ಪೂರ್ತಿ ಒಣಗೋವರೆಗೆ ಹಗ್ಗ ಬಿಚ್ಚಬೇಡಿ.

ಹೊಸಬಳು_88
ಗೋಧಿ ಗಂಜಿ ಅಂದ್ರೆ ಚಪಾತಿ ಹಿಟ್ಟಲ್ಲೇ ಮಾಡ್ಬಹುದಾ?

ಮಗ್ಗದಮನೆ
ಬೇಡಮ್ಮ, ಹಿಟ್ಟಿನ ಅಂಟು (ಗ್ಲುಟೆನ್) ಇದ್ರೆ ಹಳದಿಯಾಗುತ್ತೆ, ಹುಳ ಬರುತ್ತೆ. ಹಿಟ್ಟನ್ನ ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಕೂತ ಬಿಳಿ ಪಿಷ್ಟವನ್ನ ಮಾತ್ರ ತೆಗೆದು ಕಾಯಿಸಿ. ಗೋಧಿ ಹಲ್ವಕ್ಕೆ ಹಾಲು ತೆಗೀತಾರಲ್ಲ, ಅದೇ.

ಹೊಸಬಳು_88
ಹಾಗಾದ್ರೆ ಉಳಿದದ್ದು ಹಲ್ವಕ್ಕೆ 😋